ಕುದುರೆಯ ರಕ್ತದಲ್ಲಿ ಸೊಳ್ಳೆಯ ಸುದ್ದಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಡೆಂಗಿ ಅಂಕಿಗಳು ದಿನಾ ಪತ್ರಿಕೆಯಲ್ಲಿ ಇರುತ್ತವೆ. ಒಳ್ಳೆಯದೇ. ಆದರೆ ಗದ್ದೆ ಬಯಲಿನ ಸೊಳ್ಳೆ ತರುವ ಮೆದುಳು ಜ್ವರದ ಮಾತು ಬರುವುದು ಯಾವುದೋ ಮಗು ಆಸ್ಪತ್ರೆ ಸೇರಿದ ಮೇಲೆ. ಅದಕ್ಕಿಂತ ಮುಂಚೆ ಸುಳಿವು ಸಿಗುವ ಒಂದು ದಾರಿ ಇದೆ. ಅದು ಕುದುರೆ ಲಾಯದಲ್ಲಿದೆ.

ನಾನು ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ತೊಂಬತ್ತರ ದಶಕದಲ್ಲಿ ಒಂದು ಜಟಕಾ ಕುದುರೆ ನೋಡಲು ಹೋಗಿದ್ದೆ. ಹಿಂಗಾಲು ಎಳೆಯುತ್ತಿತ್ತು. ಕೆಳತುಟಿ ಜೋತು ಬಿದ್ದಿತ್ತು. ಗೋಡೆಗೆ ತಲೆ ಒತ್ತಿಕೊಂಡು ನಿಂತಿತ್ತು. ರಕ್ತದಲ್ಲಿ ಪರಾವಲಂಬಿ ಸೇರಿ ಬರುವ ಸರ್ರಾ ರೋಗ ಇರಬಹುದೇ ಎಂದು ರಕ್ತ ನೋಡಿದೆ, ಇರಲಿಲ್ಲ. ನಾಯಿ ಕಚ್ಚಿಲ್ಲ ಎಂದು ಮಾಲೀಕ ಆಣೆ ಇಟ್ಟ. ಮೂರನೇ ದಿನ ಸತ್ತಿತು. ಮಾದರಿ ಕಳಿಸೋಣ ಅಂದರೆ ಮೇಲಿನವರು 'ಒಂದು ಕುದುರೆಗೆ ಯಾಕ್ರೀ ಇಷ್ಟೆಲ್ಲ' ಎಂದರು. 'ವಿಷದ ಸೊಪ್ಪು ತಿಂದಿರಬಹುದು' ಎಂದು ಬರೆದು ಹೂಳಿಸಿದೆ. ಲಾಯದ ಹಿಂದೆಯೇ ಗದ್ದೆ, ನಾಲ್ಕು ಮಾರು ದೂರದಲ್ಲಿ ಹಂದಿ ಗೂಡು ಇತ್ತು. ಅದನ್ನು ಕಣ್ಣಾರೆ ನೋಡಿಯೂ ಸುಮ್ಮನೆ ಬಂದೆನಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಈ ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ (ಜೆಇ) ವೈರಸ್ ಬೆಳೆಯುವುದು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ. ನಿಂತ ನೀರಿನ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹೊತ್ತು ತಿರುಗುತ್ತದೆ. ಅದರ ದಾಯಾದಿ ವೆಸ್ಟ್ ನೈಲ್ ವೈರಸ್‌ಗೆ ಹಕ್ಕಿಗಳೇ ಆಸರೆ. ಕುದುರೆ ಮತ್ತು ಮನುಷ್ಯ ಇಬ್ಬರೂ ಎರಡಕ್ಕೂ ದಾರಿಯ ಕೊನೆ. ಕುದುರೆಯ ರಕ್ತದಲ್ಲಿ ವೈರಸ್ ತುಂಬಾ ಕಡಿಮೆ, ಅದೂ ಸ್ವಲ್ಪ ದಿನ ಮಾತ್ರ. ಅದನ್ನು ಕಚ್ಚಿದ ಸೊಳ್ಳೆ ಬೇರೆಯವರಿಗೆ ರೋಗ ಹಚ್ಚುವಷ್ಟು ಇರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪತ್ರ ಓದಿ ಯಾರಾದರೂ ಜಟಕಾದವನ ಮನೆ ಮುಂದೆ ಜಗಳಕ್ಕೆ ನಿಂತರೆ ಕಷ್ಟ. (ಅಮೆರಿಕ ಖಂಡದ ವೆನೆಜುವೆಲಾ ಕುದುರೆ ಜ್ವರದ ಕತೆ ಬೇರೆ, ಅಲ್ಲಿ ಕುದುರೆಯೇ ವೈರಸ್ ಬೆಳೆಸುತ್ತದೆ. ಅದು ನಮ್ಮಲ್ಲಿಲ್ಲ.)

ಹಾಗಾದರೆ ಕುದುರೆಯನ್ನೇ ಯಾಕೆ ನೋಡಬೇಕು? ಜೆಇ ವೈರಸ್ ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಜೋರು ಕಾಯಿಲೆ. ವೆಸ್ಟ್ ನೈಲ್‌ನಲ್ಲಿ ಸುಮಾರು 150ರಲ್ಲಿ ಒಬ್ಬರಿಗೆ. ಉಳಿದವರಿಗೆ ಗೊತ್ತೇ ಆಗುವುದಿಲ್ಲ, ಇಲ್ಲವೇ ಎರಡು ದಿನ ಜ್ವರ ಬಂದು ಹೋಗುತ್ತದೆ. ಅಂದರೆ ಒಂದು ಮಗು ಆಸ್ಪತ್ರೆಗೆ ಬರುವ ಹೊತ್ತಿಗೆ ಊರಿನಲ್ಲಿ ವೈರಸ್ ಎಷ್ಟೋ ಮನೆ ಸುತ್ತಿರುತ್ತದೆ. ವೆಸ್ಟ್ ನೈಲ್ ತಗುಲಿದ ಕುದುರೆಗಳಲ್ಲಾದರೆ ಸುಮಾರು ಹತ್ತರಲ್ಲಿ ಒಂದಕ್ಕೆ ಲಕ್ಷಣ ಕಾಣುತ್ತದೆ. ಕುದುರೆ ರಾತ್ರಿಯಿಡೀ ಬಯಲಿನಲ್ಲಿ ನಿಲ್ಲುತ್ತದೆ. ಅದಕ್ಕೆ ಪರದೆ ಇಲ್ಲ, ಕಾಯಿಲ್ ಇಲ್ಲ.

ಇದು ದೂರದ ದೇಶದ ಕತೆ ಅಂದುಕೊಳ್ಳಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆ ಜೆಇಯಿಂದ ನಲುಗಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಮೈಸೂರು, ಕೋಲಾರ ಜಿಲ್ಲೆಗಳಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಿಂದ ವೆಸ್ಟ್ ನೈಲ್ ವೈರಸ್ ಬೇರ್ಪಡಿಸಿದ್ದರು. 2019ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಅದೇ ವೈರಸ್‌ಗೆ ಒಂದು ಮಗು ಬಲಿಯಾಯಿತು. ಜೆಇಗೆ ಮಕ್ಕಳಿಗೆ ಲಸಿಕೆ ಇದೆ. ವೆಸ್ಟ್ ನೈಲ್‌ಗೆ ಜನರಿಗೆ ಲಸಿಕೆಯೇ ಇಲ್ಲ. ಕುದುರೆಗೆ ಇದೆ ಅನ್ನುವುದು ತಮಾಷೆ ಅಲ್ವಾ!

ಸತ್ತ ಕುದುರೆಗಳನ್ನು ಎಣಿಸಿದರೆ ಸಾಕೇ? ಸಾಲದು. ಅಮೆರಿಕದಲ್ಲಿ 2002ರಲ್ಲಿ ವೆಸ್ಟ್ ನೈಲ್ ಬಂದ ಕುದುರೆಗಳು ಸುಮಾರು 15 ಸಾವಿರ. ಲಸಿಕೆ ಎಲ್ಲ ಕಡೆ ಹರಡಿದ ಮೇಲೆ ಅಂಕಿ ಬಿದ್ದುಹೋಯಿತು. ಆದರೆ ಸೊಳ್ಳೆಯಲ್ಲಿ ವೈರಸ್ ಹಾಗೇ ಇತ್ತು. ಫ್ರಾನ್ಸ್‌ನ ಕಮಾರ್ಗ್ ಜೌಗು ಪ್ರದೇಶದಲ್ಲಿ 2000ದಲ್ಲಿ 76 ಕುದುರೆಗಳಿಗೆ ರೋಗ ಖಚಿತವಾಯಿತು, ಜನರಲ್ಲಿ ಒಂದು ಪ್ರಕರಣವೂ ಸಿಗಲಿಲ್ಲ. ಹಾಗಾಗಿ ಕುದುರೆ ಬಿತ್ತು ಎಂದ ಕೂಡಲೇ ಡಂಗೂರ ಸಾರುವುದೂ ತಪ್ಪು, ಕುದುರೆ ಬೀಳಲಿಲ್ಲ ಎಂದು ಹಾಯಾಗಿ ಇರುವುದೂ ತಪ್ಪು. ಇನ್ನು ಕುದುರೆಯೇ ಇಲ್ಲದ ತಾಲ್ಲೂಕಿನ ಸೊನ್ನೆಗೆ ಏನು ಅರ್ಥ? 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶಕ್ಕೆ ಸಿಕ್ಕಿದ್ದೇ ಸುಮಾರು 3.4 ಲಕ್ಷ ಕುದುರೆ, ತಟ್ಟು.

ಜಾಸ್ತಿ ಹೇಳುವುದು ಚೆನ್ನಾಗಿರುವ ಕುದುರೆಯ ರಕ್ತ. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಅದೇ ಕುದುರೆಯಿಂದ ರಕ್ತ ತೆಗೆಯಬೇಕು. ವೈರಸ್ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯ ಮೊದಲು ಇಲ್ಲದೆ ಆಮೇಲೆ ಬಂದಿದ್ದರೆ, ನಡುವೆ ಲಸಿಕೆಯನ್ನೂ ಹಾಕಿಲ್ಲದಿದ್ದರೆ, ಆ ವರ್ಷ ಆ ಜಾಗದಲ್ಲಿ ವೈರಸ್ ಓಡಾಡಿದೆ ಎಂದೇ ಅರ್ಥ. ಕುದುರೆ ಮಾತ್ರ ಊರು ಬಿಟ್ಟಿರಬಾರದು. ರೇಸ್ ಕುದುರೆ ಇವತ್ತು ಬೆಂಗಳೂರು, ನಾಳೆ ಬೇರೆ ಊರು. ಕುರಿಗಾಹಿಗಳ ಹೇರು ಕುದುರೆ ಮೂರ್ನಾಲ್ಕು ಜಿಲ್ಲೆ ದಾಟುತ್ತದೆ. ಎಲ್ಲಿ ಕಚ್ಚಿಸಿಕೊಂಡಿತು ಎಂದು ಹೇಳಲಾಗುವುದಿಲ್ಲ. ಕುದುರೆ ಫಾರಂ, ಪೊಲೀಸ್ ಅಶ್ವದಳ, ಸವಾರಿ ಶಾಲೆಯಂಥ ಜಾಗದಲ್ಲಿ ನೆಲೆ ನಿಂತವೇ ಇದಕ್ಕೆ ಸರಿ. ಆರು ತಿಂಗಳೊಳಗಿನ ಮರಿಯೂ ಬೇಡ, ತಾಯಿಯ ಗಿಣ್ಣಿನಿಂದ ಬಂದ ಪ್ರತಿಕಾಯ ದಾರಿ ತಪ್ಪಿಸುತ್ತದೆ. ಇನ್ನೊಂದು ತೊಡಕಿದೆ. ಜೆಇ, ವೆಸ್ಟ್ ನೈಲ್ ಒಂದೇ ಮನೆತನದವು. ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಒಂದನ್ನು ಇನ್ನೊಂದು ಎಂದುಕೊಳ್ಳಬಹುದು. ಪಾಸಿಟಿವ್ ಬಂದದ್ದನ್ನು ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ ಖಚಿತ ಮಾಡಿಕೊಳ್ಳಬೇಕು.

ಹಂದಿಯ ರಕ್ತ ನೋಡಿದರೆ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಜೆಇಗೆ ಸಾಕು, ಜಪಾನಿನವರು ಕಸಾಯಿಖಾನೆಯ ಹಂದಿ ರಕ್ತವನ್ನು ಎಷ್ಟೋ ವರ್ಷದಿಂದ ನೋಡುತ್ತಲೇ ಇದ್ದಾರೆ. ನಾವೂ ನೋಡೋಣ. ಆದರೆ ಎರಡೂ ವೈರಸ್‌ಗೆ ಕಾಯಿಲೆ ಬಿದ್ದು ತೋರಿಸುವ ಪ್ರಾಣಿ ಕುದುರೆ.

ಖರ್ಚಿನ ಮಾತು ಬೇಡ. ಕುದುರೆ ಜಾತಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ಪರೀಕ್ಷೆಗೆಂದು ನಮ್ಮವರು ಈಗಾಗಲೇ ಕುದುರೆ, ಕತ್ತೆಗಳ ರಕ್ತ ತೆಗೆಯುತ್ತಾರೆ. ಅದರಲ್ಲಿ ಒಂದೆರಡು ಎಂಎಲ್ ಸೀರಂ (ರಕ್ತದ ತಿಳಿ) ಎತ್ತಿಟ್ಟರೆ ಆಯಿತು. ಫಲಿತಾಂಶ ಪಶುಪಾಲನಾ ಇಲಾಖೆಯ ಕಡತದಲ್ಲೇ ಮಲಗಬಾರದು, ಅದೇ ವಾರ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಹೋಗಬೇಕು. ಯಾವ ಹೋಬಳಿಯಲ್ಲಿ ಲಸಿಕೆ ಬಾಕಿ ಇದೆ, ಎಲ್ಲಿ ಆಶಾ ಕಾರ್ಯಕರ್ತೆಯರು ಜ್ವರದ ಮನೆ ಹುಡುಕಬೇಕು ಎಂದು ಅವರು ನೋಡಿಕೊಳ್ಳಲಿ. ಗೋಡೆಗೆ ತಲೆ ಒತ್ತಿ ನಿಂತ ಕುದುರೆ ಸತ್ತರೆ, ಮೊದಲು ಹುಚ್ಚುನಾಯಿ ರೋಗದ (ರೇಬೀಸ್) ಎಚ್ಚರಿಕೆ ತೆಗೆದುಕೊಂಡು, ಮೆದುಳಿನ ತುಣುಕು ಲ್ಯಾಬಿಗೆ ಹೋಗಲೇಬೇಕು ಎಂದು ಒಂದು ಸುತ್ತೋಲೆ ಬರಲಿ.

ನಮ್ಮೂರಲ್ಲಿ ಈಗ ಎರಡೇ ಕುದುರೆ ಉಳಿದಿವೆ, ಮದುವೆ ಮೆರವಣಿಗೆಯವು. ಟ್ಯೂಬು, ಐಸ್ ಡಬ್ಬಿ ಕೊಟ್ಟರೆ ಅವುಗಳ ರಕ್ತ ನಾನೇ ತೆಗೆದುಕೊಡುತ್ತೇನೆ. ಮಾಲೀಕ ಒಪ್ಪಿದ್ದಾನೆ.

ಇಂತಿ,
ಒಬ್ಬ ನಿವೃತ್ತ ಪಶುವೈದ್ಯ
ಮಂಡ್ಯ ಜಿಲ್ಲೆ