ಕಣ್ಣು ಪರೀಕ್ಷೆಗೆ ಇನ್ನು ಮುಂದೆ ಫೀಸು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಸಾಗರ

ಪ್ರಿಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬೇರೆಯಾಗಿ ಫೀಸು ಇರುತ್ತದೆ. ದೊಡ್ಡವರಿಗೆ 200 ರೂಪಾಯಿ. ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳಿಗೆ 100. ಬಿಪಿಎಲ್ ಕಾರ್ಡ್ ಇರುವವರಿಗೆ 50. ಕನ್ನಡಕ ನಮ್ಮಲ್ಲಿ ಮಾಡಿಸಿದರೂ ಅಷ್ಟೇ, ಬೇರೆ ಕಡೆ ಮಾಡಿಸಿದರೂ ಅಷ್ಟೇ. ಇನ್ನೊಂದು ವಿಷಯ, ಫೋನ್ ಮಾಡಿ ಟೈಮ್ ತೆಗೆದುಕೊಂಡು ಬರಬೇಕು.

ಗಲ್ಲಾದ ಪಕ್ಕ ಈ ಬಗ್ಗೆ ಚೀಟಿ ಅಂಟಿಸಿದ ದಿನದಿಂದ ನಾವು ಕೇಳಿಸಿಕೊಂಡ ಮಾತು ಒಂದೆರಡಲ್ಲ. ಗಿರಾಕಿಗಳು ಕಾಯುತ್ತಿರುವಾಗ ನಿಂತಲ್ಲೇ ಉತ್ತರ ಹೇಳಲು ಹೋದರೆ ಜಗಳವಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ಜಾಸ್ತಿ ಕೇಳಿದ ಮಾತು ಇದು: "ಏನಮ್ಮಾ, ನಿಮ್ಮಪ್ಪ ಇದ್ದಾಗ ಪುಕ್ಕಟೆ ಇತ್ತು. ಈಗ ಮೆಷಿನ್ ಎರಡು ನಿಮಿಷದಲ್ಲಿ ನಂಬರ್ ಹೇಳುತ್ತೆ. ಅದಕ್ಕೆ ಇನ್ನೂರು ರೂಪಾಯಿನಾ?"

ಅಪ್ಪನ ವಿಷಯ ಮೊದಲು. ಅವರು ಟೆಸ್ಟಿಗೆ ದುಡ್ಡು ಕೇಳುತ್ತಿರಲಿಲ್ಲ, ನಿಜ. ಹಾಗಂತ ಟೆಸ್ಟು ಪುಕ್ಕಟೆ ಇತ್ತು ಅಂತ ಅರ್ಥವಲ್ಲ. ಅದರ ಖರ್ಚು ಫ್ರೇಮಿನ ರೇಟಿನಲ್ಲಿ ಸೇರಿರುತ್ತಿತ್ತು. ನಂಬರ್ ತೆಗೆಸಿದವರು ಅಲ್ಲೇ ಕನ್ನಡಕವನ್ನೂ ಮಾಡಿಸುತ್ತಿದ್ದ ಕಾಲ ಅದು. ಲೆಕ್ಕ ಸರಿಹೋಗುತ್ತಿತ್ತು. ಈಗ ನಂಬರ್ ತೆಗೆಸುವುದು ಇಲ್ಲಿ, ಕನ್ನಡಕ ತರಿಸುವುದು ಫೋನಿನಲ್ಲಿ. ತಪ್ಪು ಅಂತ ಹೇಳುತ್ತಿಲ್ಲ. ನಿಮ್ಮ ದುಡ್ಡು, ನಿಮ್ಮ ಇಷ್ಟ. ಆದರೆ ಅರ್ಧ ಗಂಟೆ ಕೂತು ನಂಬರ್ ತೆಗೆದ ನಮ್ಮ ಕೂಲಿ ಯಾರು ಕೊಡಬೇಕು? ಇಲ್ಲಿಯವರೆಗೆ ಕೊಟ್ಟವರು ನಮ್ಮಲ್ಲೇ ಕನ್ನಡಕ ಮಾಡಿಸುವ ಗಿರಾಕಿಗಳು. ಬೇರೆಯವರ ಟೆಸ್ಟಿನ ಖರ್ಚನ್ನೂ ಅವರೇ ಹೊತ್ತಿದ್ದಾರೆ. ಅದು ನ್ಯಾಯ ಅಲ್ಲ, ಅಲ್ವಾ?

ಹಾಗಾಗಿ ಫ್ರೇಮಿನ ರೇಟಿನೊಳಗೆ ಸೇರಿದ್ದ ಆ ಖರ್ಚನ್ನು ತೆಗೆದು ಹೊರಗಿಟ್ಟಿದ್ದೇವೆ. 900 ರೂಪಾಯಿ ಇದ್ದ ಫ್ರೇಮು ಈಗ 750. ಮಾಮೂಲಿ ಸಿಂಗಲ್ ವಿಷನ್, ಅಂದರೆ ಒಂದೇ ನಂಬರಿನ ಗ್ಲಾಸಿನ ರೇಟು ಕೂಡ ಇಳಿದಿದೆ. ಟೆಸ್ಟು, ಕನ್ನಡಕ ಎರಡೂ ನಮ್ಮಲ್ಲೇ ಮಾಡಿಸುವವರಿಗೆ ಒಟ್ಟು ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಈ ಮಾತನ್ನು ಗಲ್ಲಾದ ಹತ್ತಿರ ಹೇಳಿದರೆ ಯಾರೂ ನಂಬುವುದಿಲ್ಲ. ಹಳೇ ಬಿಲ್ಲು ಇದ್ದರೆ ತನ್ನಿ, ಪಕ್ಕದಲ್ಲಿಟ್ಟು ನೋಡೋಣ.

ಈಗ ಮೆಷಿನ್ ವಿಷಯ. ಗಲ್ಲ ಇಟ್ಟು ಒಳಗೆ ನೋಡುತ್ತೀರಲ್ಲ, ದೂರದ ರಸ್ತೆ, ಬಲೂನಿನ ಚಿತ್ರ ಕಾಣುವ ಮೆಷಿನ್, ಅದು ಆಟೋ ರಿಫ್ರಾಕ್ಟೋಮೀಟರ್. ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ಆಮೇಲೆ ರೆಟಿನೋಸ್ಕೋಪ್ ಹಿಡಿದು ಕಣ್ಣಿನೊಳಗಿನ ಬೆಳಕಿನ ಓಡಾಟ ನೋಡಬೇಕು. ಟ್ರಯಲ್ ಫ್ರೇಮ್ ಹಾಕಿಸಿ, ಒಂದೊಂದೇ ಕಣ್ಣಿಗೆ ಗ್ಲಾಸು ಬದಲಿಸಿ, "ಇದು ಚೆನ್ನಾಗಿದೆಯಾ, ಅದಾ" ಅಂತ ಕೇಳಬೇಕು. ಎರಡೂ ಕಣ್ಣು ಒಟ್ಟಿಗೆ ಹೊಂದುತ್ತವಾ ನೋಡಬೇಕು. ಆಮೇಲೆ ನೀವು ಅದೇ ಫ್ರೇಮಿನಲ್ಲಿ ಮೆಟ್ಟಿಲು ಹತ್ತಿ ಇಳಿಯಬೇಕು. ನೆಲ ಮೇಲೆದ್ದ ಹಾಗೆ ಕಂಡರೆ ಪೇಪರಿನ ಮೇಲೆ ನಂಬರ್ ಎಷ್ಟೇ ಸರಿ ಇದ್ದರೂ ಆ ಕನ್ನಡಕ ಮನೆಯ ಕಪಾಟು ಸೇರುತ್ತದೆ.

ಮಕ್ಕಳಲ್ಲಿ ಮೆಷಿನ್ ನಂಬಿದರೆ ಇನ್ನೂ ತೊಂದರೆ. ಮಗು ಮೆಷಿನ್ ಒಳಗೆ ನೋಡುವಾಗ ಹತ್ತಿರದ್ದನ್ನು ನೋಡುವ ಹಾಗೆ ಕಣ್ಣನ್ನು ಬಿಗಿ ಹಿಡಿಯುತ್ತದೆ. ಆಗ ಮೆಷಿನ್ ಇಲ್ಲದ ಮೈನಸ್ ತೋರಿಸುತ್ತದೆ. ಇದ್ದರೂ ಜಾಸ್ತಿ ತೋರಿಸುತ್ತದೆ. ಅದನ್ನೇ ಬರೆದುಕೊಟ್ಟರೆ ಮಗುವಿಗೆ ತಲೆನೋವು. ಅದಕ್ಕೇ ಕೆಲವು ಮಕ್ಕಳಿಗೆ ಕಣ್ಣಿನ ಡಾಕ್ಟರ ಹತ್ತಿರ ಡ್ರಾಪ್ಸ್ ಹಾಕಿಸಿ ಪರೀಕ್ಷೆ ಮಾಡಿಸಿ ಅಂತ ಕಳಿಸುತ್ತೇನೆ. ಡ್ರಾಪ್ಸ್ ಹಾಕಿದ ಮೇಲೆ ಹತ್ತಿರದ ಅಕ್ಷರ ಒಂದು ದಿನ ಮಂಜಾಗಿರುತ್ತದೆ. ಅಟ್ರೋಪಿನ್ ಮುಲಾಮು ಕೊಟ್ಟರೆ ವಾರಕ್ಕಿಂತ ಜಾಸ್ತಿಯೂ ಆಗಬಹುದು. ಶಾಲೆಯ ಪರೀಕ್ಷೆ ಹತ್ತಿರ ಇಟ್ಟುಕೊಂಡು ಹೋಗಬೇಡಿ, ರಜೆಯಲ್ಲಿ ಹೋಗಿ.

"ಕಳಿಸಿದರೆ ಅವರಿಗೆ ಕಮಿಷನ್ ಇರಬೇಕು" ಅಂತ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಇಲ್ಲ. ಯಾವ ಆಸ್ಪತ್ರೆಯಿಂದಲೂ ಒಂದು ರೂಪಾಯಿ ಬರುವುದಿಲ್ಲ. ಬೇಕಾದರೆ ನಿಮಗೆ ಗೊತ್ತಿರುವ ಡಾಕ್ಟರ ಹತ್ತಿರವೇ ಹೋಗಿ.

ಅದೂ ಅಲ್ಲದೆ ನಂಬರ್ ಎಲ್ಲರಿಗೂ ಒಂದೇ ದೂರಕ್ಕಲ್ಲ. ಪೇಪರ್ ಓದುವ ದೂರ ಸುಮಾರು 40 ಸೆಂಟಿಮೀಟರ್. ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಮುಂದೆ ಕೂತಾಗ ಕತ್ತಿ ಅದಕ್ಕಿಂತ ದೂರ ಇರುತ್ತದೆ. ಓದುವ ನಂಬರನ್ನೇ ಕೊಟ್ಟರೆ ಪೇಪರ್ ಚೆನ್ನಾಗಿ ಕಾಣುತ್ತದೆ, ಕತ್ತಿಯ ಬಾಯಿ ಮಂಜು. ಅಪಾಯ ಅಲ್ವಾ? ನಮ್ಮೂರಿನ ಗುಡಿಗಾರರು ಗಂಧದ ಕೆತ್ತನೆಯನ್ನು ಮುಖಕ್ಕೆ ಹತ್ತಿರ ಹಿಡಿಯುತ್ತಾರೆ. ಅವರಿಗೆ ಬೇರೆ ನಂಬರ್. ಬಸ್ ಡ್ರೈವರಿಗೆ ಬೇರೆ ಕಥೆ. "ನೀವು ಏನು ಕೆಲಸ ಮಾಡುತ್ತೀರಿ" ಅಂತ ನಾನು ಕೇಳುವುದು ಸುಮ್ನೆ ಮಾತಿಗಲ್ಲ. ಮೆಷಿನ್ ಆ ಪ್ರಶ್ನೆ ಕೇಳುವುದಿಲ್ಲ.

ನಂಬರ್ ಬರೆದುಕೊಡುವುದು ಪರೀಕ್ಷೆಯ ಒಂದು ಭಾಗ ಮಾತ್ರ. ಅರವತ್ತು ದಾಟಿದ ಹಿರಿಯರು ಖುಷಿಯಿಂದ ಬಂದು, "ಈಗ ಕನ್ನಡಕ ಇಲ್ಲದೆಯೇ ಪೇಪರ್ ಓದುತ್ತೇನೆ, ಕಣ್ಣು ಸುಧಾರಿಸಿದೆ" ಅನ್ನುತ್ತಾರೆ. ಎಷ್ಟೋ ಸಲ ಅದು ಪೊರೆ ಬರುತ್ತಿರುವ ಲಕ್ಷಣ. ಪೊರೆ ಬಲಿಯುವಾಗ ಕಣ್ಣು ಮೈನಸ್ ಕಡೆ ವಾಲುತ್ತದೆ, ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಂಜಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರಿದಾಗ ನಂಬರ್ ಕೂಡ ಬದಲಾಗುತ್ತದೆ. ಅಂಥ ಹೊತ್ತಿನಲ್ಲಿ ಕನ್ನಡಕ ಮಾಡಿಸಿದರೆ ಶುಗರ್ ಹತೋಟಿಗೆ ಬಂದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. "ಈಗ ಮಾಡಿಸಬೇಡಿ, ಶುಗರ್ ಸರಿಮಾಡಿಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ದು ಎಷ್ಟೋ ಸಲ. ಆ ದಿನ ನಮಗೆ ವ್ಯಾಪಾರ ಇಲ್ಲ. ಆದರೆ ಪರೀಕ್ಷೆ ಆಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಡಾಕ್ಟರ ಹತ್ತಿರ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ತೋರಿಸಲೇಬೇಕು. ಚೆನ್ನಾಗಿ ಕಾಣುತ್ತಿದೆ ಅಂತ ಬಿಡಬೇಡಿ.

ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಇನ್ನೂ ಮೋಸದ್ದು. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಪಕ್ಕದ ನೋಟ ನಿಧಾನಕ್ಕೆ ಕಡಿಮೆಯಾಗುತ್ತಾ ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಚಾಳೀಸು ಬಂತು ಅಂತ ನಲವತ್ತರ ನಂತರ ಬರುವವರ ಕಣ್ಣಿನ ಒತ್ತಡವನ್ನೂ ನೋಡುವುದು ಇದಕ್ಕಾಗಿ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಗ್ಲಾಕೋಮಾ ಇದ್ದರೆ ದಯವಿಟ್ಟು ಹೇಳಿ.

ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ನೂರೈವತ್ತು ರೂಪಾಯಿಯ ಚಾಳೀಸು ಹಾಕಿದರೆ ಕಣ್ಣು ಹಾಳಾಗುತ್ತಾ ಅಂತ ಕೇಳುತ್ತೀರಿ. ಹಾಳಾಗುವುದಿಲ್ಲ. ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ಸಿಲಿಂಡರ್, ಅಂದರೆ ಓರೆ ನಂಬರ್, ಇಲ್ಲದಿದ್ದರೆ ಅದರಲ್ಲೂ ಆರಾಮಾಗಿ ಓದಬಹುದು. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸು ಹಾಕಿಸಿ ಅಂತಲೂ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಫೋನ್ ನೋಡಿ ಕಣ್ಣು ದಣಿಯುವುದು ಅದರಿಂದ ಕಡಿಮೆ ಆಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಕೇಳಿದರೆ ಕೊಡುತ್ತೇವೆ, ಅಷ್ಟೇ. ಇದನ್ನೆಲ್ಲ ಯಾಕೆ ಬರೆದೆ ಅಂದರೆ, ದುಡ್ಡು ಮಾಡುವುದೇ ಉದ್ದೇಶವಾಗಿದ್ದರೆ ಅದಕ್ಕೆ ಸುಲಭದ ದಾರಿಗಳು ಬೇಕಾದಷ್ಟಿವೆ.

ಈಗ ಜಿಎಸ್‌ಟಿ. ಈ ವಿಷಯದಲ್ಲಿ ನಮ್ಮ ಮೇಲೆ ಬಂದಷ್ಟು ಅಪವಾದ ಬೇರೆ ಯಾವುದರಲ್ಲೂ ಬಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕನ್ನಡಕದ ಗ್ಲಾಸು, ಫ್ರೇಮು ಎರಡಕ್ಕೂ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅವತ್ತಿನಿಂದಲೇ ನಮ್ಮ ಬಿಲ್ಲಿನಲ್ಲೂ ಇಳಿಯಿತು. ಆದರೆ ಲೆಕ್ಕ ಹಾಕಿ ನೋಡಿ. ತೆರಿಗೆ ಬಿಟ್ಟು ಸಾವಿರ ರೂಪಾಯಿಯ ಕನ್ನಡಕ ಮೊದಲು 1,120 ಆಗುತ್ತಿತ್ತು, ಈಗ 1,050. ಇಳಿದದ್ದು ಎಪ್ಪತ್ತು ರೂಪಾಯಿ. ಟಿವಿಯಲ್ಲಿ ಸುದ್ದಿ ನೋಡಿ ಅರ್ಧಕ್ಕರ್ಧ ಇಳಿಯುತ್ತದೆ ಅಂದುಕೊಂಡು ಬಂದವರಿಗೆ ನಾವು ಕಳ್ಳರ ಹಾಗೆ ಕಂಡೆವು. ಬಿಸಿಲಿನ ಕೂಲಿಂಗ್ ಗ್ಲಾಸಿಗೆ ತೆರಿಗೆ ಇಳಿದಿಲ್ಲ, ಅದಕ್ಕೆ ಈಗಲೂ 18. ಮೆಷಿನ್ ಸರ್ವೀಸ್ ಮಾಡಿಸಿದರೆ ನಾವು ಕಟ್ಟುವ ತೆರಿಗೆಯೂ 18. ಕಣ್ಣು ಪರೀಕ್ಷೆ ಆರೋಗ್ಯ ಸೇವೆ, ಅದರ ಫೀಸಿನ ಮೇಲೆ ಜಿಎಸ್‌ಟಿ ಇಲ್ಲ. ಇನ್ನೂರು ಅಂದರೆ ಇನ್ನೂರೇ.

ಸರ್ವೀಸ್ ಅಂದಾಗ ಮಲೆನಾಡಿನ ಮಳೆಯ ಬಗ್ಗೆ ಹೇಳಲೇಬೇಕು. ಜೂನ್‌ನಿಂದ ಶುರುವಾದರೆ ಗಾಜಿನ ಮೇಲೂ ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯ ಕ್ಯಾಮೆರಾಕ್ಕೆ ಆಗುವುದು ನಮ್ಮ ಟ್ರಯಲ್ ಗ್ಲಾಸಿನ ಪೆಟ್ಟಿಗೆಗೂ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿಗೂ ಆಗುತ್ತದೆ. ಪೆಟ್ಟಿಗೆಯ ಹತ್ತಿರ ಹಗಲೂ ರಾತ್ರಿ ಬಲ್ಬು ಉರಿಸುತ್ತೇವೆ. ಆದರೂ ವರ್ಷಕ್ಕೆ ಕೆಲವು ಗ್ಲಾಸು ಬಿಸಾಡಬೇಕು. ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ಅವರು ಬಂದು ಹೋಗುವ ಖರ್ಚು ನಮ್ಮದು, ಕೆಲಸ ಆಗಲಿ ಬಿಡಲಿ. ಕರೆಂಟು ಹೋದಾಗ ಪರೀಕ್ಷೆ ನಿಲ್ಲಬಾರದು ಅಂತ ಯುಪಿಎಸ್ ಇದೆ, ಅದರ ಬ್ಯಾಟರಿಗೂ ಆಯುಸ್ಸು ಕಡಿಮೆ. ಗೆರೆಯಿಲ್ಲದೆ ದೂರ, ಹತ್ತಿರ ಎರಡೂ ಕಾಣುವ ಪ್ರೋಗ್ರೆಸಿವ್ ಗ್ಲಾಸು ಒಮ್ಮೆ ಫ್ರೇಮಿಗೆ ಕತ್ತರಿಸಿದ ಮೇಲೆ ಲ್ಯಾಬಿನವರು ವಾಪಸ್ ತೆಗೆದುಕೊಳ್ಳುವುದಿಲ್ಲ. "ಬೇಡ, ಹಳೇ ಬೈಫೋಕಲ್ಲೇ ಇರಲಿ" ಅಂತ ನೀವು ಬಿಟ್ಟು ಹೋದ ಗ್ಲಾಸಿನ ದುಡ್ಡೂ ನಮ್ಮದೇ. ಇದನ್ನು ಗೊಣಗಾಟ ಅಂದುಕೊಂಡರೂ ಸರಿ. ಒಮ್ಮೆ ಹೇಳಿಬಿಟ್ಟರೆ ಮನಸ್ಸು ಹಗುರ.

ಒಬ್ಬ ಹಿರಿಯರು ಹೇಳಿದರು, "ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿದರು, ನೀವು ಬರೀ ಟೆಸ್ಟಿಗೆ ದುಡ್ಡು ಕೇಳುತ್ತೀರಿ." ಯಜಮಾನರೇ, ಅವರ ಹೆಸರಿನ ಪಕ್ಕ ನಮ್ಮನ್ನು ನಿಲ್ಲಿಸಿದ್ದೇ ದೊಡ್ಡ ಮಾತು. ಅವರ ಶಿಬಿರಗಳಿಗೆ ಊರಿನ ದಾನಿಗಳು ಕೈ ಜೋಡಿಸುತ್ತಿದ್ದರು. ನಮ್ಮ ಅಂಗಡಿಗೆ ತಿಂಗಳ ಮೊದಲ ವಾರ ಬರುವವರು ಬಾಡಿಗೆಯವರು. ನಿಜವಾಗಿಯೂ ದುಡ್ಡಿನ ತೊಂದರೆ ಇರುವವರಿಗೆ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಉಚಿತವಾಗಿ ಕನ್ನಡಕ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಗಿರಾಕಿಯನ್ನು ನಾವೇ ಕಳಿಸಿಕೊಟ್ಟ ಹಾಗಾಗುತ್ತದೆ, ಗೊತ್ತು. ಪರವಾಗಿಲ್ಲ.

ಟೈಮ್ ತೆಗೆದುಕೊಂಡು ಬನ್ನಿ ಅಂದಿದ್ದಕ್ಕೆ ಮಾತ್ರ ಹಳ್ಳಿಯವರಲ್ಲಿ ಕ್ಷಮೆ ಕೇಳುತ್ತೇನೆ. ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ಆಚೆ ದಡದ ತುಮರಿ ಕಡೆಯವರು ಲಾಂಚಿಗೆ ಕಾಯಬೇಕಾಗಿಲ್ಲ, ನಿಜ. ಆದರೂ ಬಸ್ಸಿನ ಟೈಮು ನಿಮ್ಮ ಕೈಯಲ್ಲಿಲ್ಲ. ಕೆಲವು ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ಗುಡ್ಡದ ಮೇಲೆ. ಅದಕ್ಕೆ ಸಂತೆಯ ದಿನ ಟೈಮ್ ತೆಗೆದುಕೊಳ್ಳದೆ ಬಂದರೂ ನೋಡುತ್ತೇವೆ, ಸ್ವಲ್ಪ ಕಾಯಬೇಕಾದೀತು. ಉಳಿದ ದಿನ ಒಬ್ಬೊಬ್ಬರಿಗೆ ಅರ್ಧ ಗಂಟೆ. ಬೆಳಿಗ್ಗೆ ಹೊತ್ತು ಮಕ್ಕಳಿಗೆ ಮೀಸಲು. ಸಂಜೆ ಶಾಲೆ ಬಿಟ್ಟು ಬರುವಾಗ ಅವರ ಕಣ್ಣೂ ದಣಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ.

ಮಕ್ಕಳ ವಿಷಯ ಇನ್ನೊಂದು. ಶಾಲೆಗೆ ಸೇರಿಸುವ ಮೊದಲು, ಮೂರ್ನಾಲ್ಕು ವರ್ಷಕ್ಕೇ ಒಮ್ಮೆ ಕರೆದುಕೊಂಡು ಬನ್ನಿ. ಅಕ್ಷರ ಬರದಿದ್ದರೂ ಚಿತ್ರದ ಚಾರ್ಟ್ ಇದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ನೋಟ ಸರಿಯಾಗಿ ಬೆಳೆಯದ ಸೋಮಾರಿ ಕಣ್ಣಾಗಿದ್ದರೆ ಮಗು ಯಾವತ್ತೂ ಹೇಳುವುದಿಲ್ಲ, ಒಂದರಲ್ಲೇ ನಿಭಾಯಿಸುತ್ತದೆ. ಏಳು ವರ್ಷದ ಒಳಗೆ ಗೊತ್ತಾದರೆ ಕನ್ನಡಕ ಹಾಕಿ, ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟಿ ಸರಿಪಡಿಸಲು ಒಳ್ಳೇ ಅವಕಾಶ ಇದೆ. ತಡವಾದಷ್ಟೂ ಕಷ್ಟ. ಇಂಥ ಮಗುವನ್ನು ನೂರು ರೂಪಾಯಿಗೆ ಹಿಂದೆಮುಂದೆ ನೋಡಿ ಮನೆಯಲ್ಲೇ ಬಿಡಬೇಡಿ. ಕೈಯಲ್ಲಿ ಇಲ್ಲದಿದ್ದರೆ ಇಲ್ಲ ಅಂತ ನನಗೆ ಹೇಳಿ, ಸಾಕು.

ಫೀಸು ಕೊಟ್ಟ ಮೇಲೆ ನಂಬರಿನ ಚೀಟಿ ನಿಮ್ಮದು. ಅದರಲ್ಲಿ ಎರಡು ಕಣ್ಣುಪಾಪೆಗಳ ನಡುವಿನ ಅಳತೆಯನ್ನೂ ಬರೆದುಕೊಡುತ್ತೇವೆ. ಎಲ್ಲಿ ಬೇಕಾದರೂ ಕನ್ನಡಕ ಮಾಡಿಸಿ. ನಮ್ಮಲ್ಲಿ ಮಾಡಿಸಿದ ಕನ್ನಡಕ ಒಂದು ತಿಂಗಳಾದರೂ ಹೊಂದದಿದ್ದರೆ ಮತ್ತೆ ಪರೀಕ್ಷೆಗೆ ಫೀಸಿಲ್ಲ. ಸ್ಕ್ರೂ ಬಿಗಿ ಮಾಡುವುದು, ನೋಸ್ ಪ್ಯಾಡ್ ಬದಲಿಸುವುದು, ಸೊಟ್ಟ ಆದ ಕಡ್ಡಿ ನೆಟ್ಟಗೆ ಮಾಡುವುದು ಇದ್ಯಾವುದಕ್ಕೂ ಮೊದಲೂ ದುಡ್ಡು ತೆಗೆದುಕೊಂಡಿಲ್ಲ, ಇನ್ನೂ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ತರಿಸಿದ ಕನ್ನಡಕ ಆದರೂ ತನ್ನಿ. ಒಂದು ಮಾತು ಅಂದರೂ ಅನ್ನುತ್ತೇನೆ, ಸರಿ ಮಾಡಿಯೇ ಕೊಡುತ್ತೇನೆ.

ಇಂತಿ ನಿಮ್ಮ,
ಆಪ್ಟೋಮೆಟ್ರಿಸ್ಟ್ ಮತ್ತು ಅಂಗಡಿಯ ಎಲ್ಲರೂ

ಮರೆತ ಮಾತು: ರಿಪೇರಿಗೆ ಕೊಟ್ಟು ವಾಪಸ್ ತೆಗೆದುಕೊಂಡು ಹೋಗದ ಕನ್ನಡಕಗಳು ಒಂದು ಡಬ್ಬಿ ತುಂಬಾ ಇವೆ. ಕೆಲವು ಅಪ್ಪನ ಕಾಲದವು. ನಿಮ್ಮದು ಇದೆಯಾ ಬಂದು ನೋಡಿ. ಅದಕ್ಕೆ ಟೈಮ್ ತೆಗೆದುಕೊಳ್ಳುವುದು ಬೇಡ.