ಕಿಲೋಮೀಟರ್ ಭಾಗಿಸಿದರೆ ಗಂಟೆ ಸಿಗೋಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಪ್ರಯಾಣದ ಹೊತ್ತಿನ ಪಟ್ಟಿ ನೋಡಿದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದು, ಕಿಲೋಮೀಟರನ್ನು 900ರಿಂದ ಭಾಗಿಸಿ ಗಂಟೆ ಬರೆದಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಆದರೂ ಒಮ್ಮೆ ಇದೇ ಲೆಕ್ಕ ನಂಬಿ ಪೆಟ್ಟು ತಿಂದಿದ್ದೇನೆ.

ಮಗಳ ಮನೆಗೆ ಹೊರಟಿದ್ದೆ. ಲಂಡನ್ನಿನಿಂದ ನ್ಯೂಯಾರ್ಕಿಗೆ 5,540 ಕಿ.ಮೀ., ಆರು ಗಂಟೆ ಒಂಬತ್ತು ನಿಮಿಷ ಅಂತ ಒಂದು ವೆಬ್‌ಸೈಟ್ ಹೇಳಿತು. ಆ ಒಂಬತ್ತು ನಿಮಿಷ ನೋಡಿಯೇ ನಂಬಿಕೆ ಬಂದಿದ್ದು! ಅಲ್ಲಿಂದ ಮುಂದಿನ ವಿಮಾನಕ್ಕೆ ಬೇರೆ ಟಿಕೆಟ್ ಮಾಡಿಸಿದೆ. ಪ್ರಯಾಣಕ್ಕೆ ಎಂಟು ಗಂಟೆ ಹಿಡಿಯಿತು. ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಿದ್ದಾಗಲೇ ಮುಂದಿನ ವಿಮಾನ ಹೋಗಿಯಾಗಿತ್ತು. ಟಿಕೆಟ್ ಬೇರೆ ಬೇರೆ ಆದ್ದರಿಂದ ಯಾರನ್ನೂ ಕೇಳುವ ಹಾಗಿರಲಿಲ್ಲ.

ವಾಪಸ್ ಬರುವಾಗ ಅದೇ ದೂರಕ್ಕೆ ಏಳು ಗಂಟೆಯೂ ಆಗಲಿಲ್ಲ. ಕಾರಣ ಗಾಳಿ. ವಿಮಾನ ಹಾರುವ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ, ಚಳಿಗಾಲದಲ್ಲಂತೂ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೇ ಬಂತು. ಇಂಜಿನ್‌ನ ಶಕ್ತಿ ಏನೂ ಜಾಸ್ತಿ ಆಗಿರಲಿಲ್ಲ, ಬೆನ್ನಿಗೆ ಬಿರುಗಾಳಿ ಇತ್ತು ಅಷ್ಟೇ.

ಇನ್ನು ದೂರದ ಮಾತು. ಸಿಂಗಪುರ 104 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನ್ಯೂಯಾರ್ಕ್ 74 ಡಿಗ್ರಿ ಪಶ್ಚಿಮದಲ್ಲಿ. ಕೂಡಿದರೆ 178, ಅಂದರೆ ಹೆಚ್ಚುಕಮ್ಮಿ ಭೂಮಿಯ ಆಚೆ ಬದಿ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಉತ್ತರ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ಬೆರಳಿಟ್ಟು ನೂಲನ್ನು ಬಿಗಿಯಾಗಿ ಎಳೆದು ನೋಡಿ. ನೂಲು ಜಾರಿ ಜಾರಿ ಉತ್ತರ ಧ್ರುವದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಕ್ಲಾಸಿನಲ್ಲಿ ಇದನ್ನು ಮಾಡಿ ತೋರಿಸಿದಾಗಲೆಲ್ಲ ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದರು. ಸಿಂಗಪುರದಿಂದ ಧ್ರುವಕ್ಕೆ ಸುಮಾರು 89 ಡಿಗ್ರಿ, ಅಲ್ಲಿಂದ ನ್ಯೂಯಾರ್ಕಿಗೆ 49. ಒಂದು ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದರೆ ಸುಮಾರು 15,300 ಕಿ.ಮೀ. ಲೆಕ್ಕದಲ್ಲಿ ಹದಿನೇಳು ಗಂಟೆ. ನಿಜವಾಗಿ ಹದಿನೆಂಟೂವರೆಗೂ ಜಾಸ್ತಿ. ಏಕೆಂದರೆ ಪೈಲಟ್ ನೂಲು ಹಿಡಿದು ಹೋಗುವುದಿಲ್ಲ, ಗಾಳಿ ನೋಡಿಕೊಂಡು ದಾರಿ ಬದಲಿಸುತ್ತಾನೆ. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಇಳಿಯುವ ಮೊದಲು ಸುತ್ತು ಹಾಕುವುದು ಎಲ್ಲ ಇರುತ್ತವಲ್ವಾ?

ಆಕಾಶದಲ್ಲೂ ಗೇಟು ಹಾಕುತ್ತಾರೆ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಹೋಯಿತು. ಊರುಗಳು ಇದ್ದಲ್ಲೇ ಇವೆ.

ಮುಂದಿನ ಸಲ ಪಟ್ಟಿ ಹಾಕುವಾಗ ದೂರದ ಪಕ್ಕದಲ್ಲಿ ವಿಮಾನ ಸಂಸ್ಥೆಯ ವೇಳಾಪಟ್ಟಿಯ ಸಮಯವನ್ನೇ ಹಾಕಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು. ಟಿಕೆಟ್ಟಿನಲ್ಲಿ ಹೊರಡುವ, ತಲುಪುವ ಸಮಯ ಆಯಾ ಊರಿನದ್ದು, ಅವನ್ನು ಸುಮ್ನೆ ಕಳೆಯಬಾರದು ಅಂತಲೂ ಒಂದು ಸಾಲು ಸೇರಿಸಿ.

– ಒಬ್ಬ ನಿವೃತ್ತ ಭೂಗೋಳ ಮೇಷ್ಟ್ರು