ನೀರು ಯಾರೇ ಬಿಡಲಿ, ಕೇಳಿದರೆ ಉತ್ತರ ಕೊಡೋರು ನೀವೇ ಇರಬೇಕು

ಗೆ,
ಮಾನ್ಯ ಆಯುಕ್ತರು ಹಾಗೂ ನಮ್ಮ ವಾರ್ಡಿನ ನಗರಸೇವಕರು,
ಬೆಳಗಾವಿ

ವಿಷಯ: ನೀರು ಸರಬರಾಜು ಖಾಸಗಿ ಗುತ್ತಿಗೆಗೆ ಹೋದ ಮೇಲೆ ಜವಾಬ್ದಾರಿ ಯಾರದು ಎಂದು ಲಿಖಿತವಾಗಿ ತಿಳಿಸುವ ಕುರಿತು

ಮಾನ್ಯರೇ,

ನಾವು ವಡಗಾವಿ ಕಡೆಯವರು. ನಮ್ಮ ಓಣಿಯ ಅರ್ಧಕ್ಕರ್ಧ ಮನೆಗಳಲ್ಲಿ ಮಗ್ಗ ಇದೆ. ಮೊದಲೇ ಹೇಳಿಬಿಡುತ್ತೇವೆ, ಇದು ಖಾಸಗಿಯವರು ಬೇಡವೇ ಬೇಡ ಅನ್ನುವ ಮನವಿ ಅಲ್ಲ. ಅವರು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ನಮ್ಮಲ್ಲೇ ಇದ್ದಾರೆ. ಸಹಿ ಹಾಕಿಸಲು ಕೂತಾಗ ಅವರ ಜೊತೆ ಎರಡು ತಾಸು ಜಗಳವೇ ಆಯಿತು. ಕೊನೆಗೆ ಎರಡೂ ಕಡೆಯವರು ಒಪ್ಪಿದ್ದನ್ನಷ್ಟೇ ಇಲ್ಲಿ ಬರೆದಿದ್ದೇವೆ.

ಅವರ ಮಾತಿನಲ್ಲೂ ಹುರುಳಿದೆ. 2008ರ ಸುಮಾರಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ 24 ತಾಸು ನೀರಿನ ಪ್ರಯೋಗ ನಡೆಯಿತು. ಅದನ್ನು ನಡೆಸಿದ್ದು ಫ್ರಾನ್ಸಿನ ವೆಯೋಲಿಯಾ ಕಂಪನಿ. ಆಗ ನಾವೆಲ್ಲ ನಕ್ಕಿದ್ದೆವು, ನಮ್ಮೂರಲ್ಲಿ ಇಂಥದ್ದೆಲ್ಲಾ ಆಗೋ ಮಾತಾ ಅಂತ. ಆದರೆ ಆ ವಾರ್ಡುಗಳಲ್ಲಿ ನಳ ತಿರುವಿದರೆ ನೀರು ಬಂತು. ಅಲ್ಲಿ ಮಗಳನ್ನು ಕೊಟ್ಟವರು ಬಂದು ಹೇಳುತ್ತಿದ್ದರು, ಕೊಡ, ಹಂಡೆ, ಬ್ಯಾರಲ್ ಎಲ್ಲ ಮಾಳಿಗೆ ಸೇರಿದವು, ನೀರು ಬರುವ ದಿನ ಅಂತ ಕೂಲಿ ಬಿಟ್ಟು ಮನೆಯಲ್ಲಿ ಕೂರೋದು ತಪ್ಪಿತು ಅಂತ. ಇದು ಬರೀ ಅನುಕೂಲದ ಮಾತೂ ಅಲ್ಲ. ಪೈಪಿನಲ್ಲಿ ಯಾವಾಗಲೂ ಒತ್ತಡ ಇದ್ದರೆ ಗಟಾರದ ನೀರು ಒಳಗೆ ನುಗ್ಗೋದಿಲ್ಲ. ಬಿಟ್ಟು ಬಿಟ್ಟು ನೀರು ಕೊಟ್ಟಾಗ ಖಾಲಿ ಪೈಪು ಹೊರಗಿನ ಹೊಲಸನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮಕ್ಕಳ ಹೊಟ್ಟೆ ಕೆಡೋದಕ್ಕೆ ಇದೂ ಒಂದು ಕಾರಣ.

ಆದರೆ ಇನ್ನೊಂದು ಮಾತೂ ಇದೆ. ನಮಗೆ ನೀರು ಬರೋದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪದಿಂದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಎರಡನ್ನೂ ಕಟ್ಟಿದ್ದು ಸರ್ಕಾರ. ಆ ಪ್ರಯೋಗಕ್ಕೂ ಸಾಲ ತಂದದ್ದು ಸರ್ಕಾರವೇ, ತೀರಿಸೋದು ನಮ್ಮ ತೆರಿಗೆಯಿಂದಲೇ. ಕಂಪನಿ ಪಡೆದದ್ದು ನಡೆಸಿಕೊಟ್ಟ ಕೂಲಿ. ಅಂದರೆ ನಾವು ಅವರಿಂದ ಕೊಂಡದ್ದು ದುಡ್ಡೂ ಅಲ್ಲ, ನೀರೂ ಅಲ್ಲ, ಶಿಸ್ತು. ಸೋರಿಕೆ ಎಲ್ಲಿದೆ ಅಂತ ಹುಡುಕಿ ಮುಚ್ಚುವ ಶಿಸ್ತು. ಅದು ನಮ್ಮ ಇಂಜಿನಿಯರುಗಳ ಕೈಯಲ್ಲಿ ಯಾಕೆ ಆಗಲಿಲ್ಲ ಅನ್ನೋದಕ್ಕೆ ಉತ್ತರ ನಿಮಗೇ ಚೆನ್ನಾಗಿ ಗೊತ್ತು, ನಾವು ಹೇಳಬೇಕಾಗಿಲ್ಲ.

ಈಗ ಇಡೀ ಊರಿಗೆ 24 ತಾಸು ನೀರು ಕೊಡುವ ಕೆಲಸ ಮತ್ತೆ ಖಾಸಗಿ ಗುತ್ತಿಗೆಯಲ್ಲಿದೆ. ನಮ್ಮ ತಕರಾರು ಶುರುವಾಗೋದು ಇಲ್ಲಿಂದ. ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಪೈಪು ಒಡೆಯಿತು. ಯಾರ ಹೆಸರೂ ತೆಗೆಯೋದಿಲ್ಲ. ಒಂದು ಕಡೆ ಫೋನ್ ಮಾಡಿದರೆ ಅದು ಹಳೇ ಪೈಪು, ನಮ್ಮದಲ್ಲ ಅಂದರು. ಇನ್ನೊಂದು ಕಡೆ ಹೋದರೆ ಈಗ ಎಲ್ಲಾ ಕಂಪನಿಗೆ ಹೋಗಿದೆ, ಅಲ್ಲೇ ಕೇಳಿ ಅಂದರು. ಹನ್ನೊಂದು ದಿನ ನೀರು ರಸ್ತೆ ಮೇಲೆ ಹರಿಯಿತು, ಅದೇ ಹನ್ನೊಂದು ದಿನ ನಾವು ಟ್ಯಾಂಕರಿಗೆ ದುಡ್ಡು ಕೊಟ್ಟೆವು. ಮೊದಲು ನೀರು ಬಿಡುವ ಅಣ್ಣನ ಮನೆ ನಮಗೆ ಗೊತ್ತಿತ್ತು. ಕೆಲಸ ಮಾಡಿಲ್ಲ ಅಂದರೆ ಹೋಗಿ ಬೈಯಬಹುದಿತ್ತು, ಚಹಾ ಕುಡಿಸಿ ಕರ್ಕೊಂಡು ಬರಬಹುದಿತ್ತು. ಅವನೂ ಅಷ್ಟೇನು ಚುರುಕಿರಲಿಲ್ಲ ಬಿಡಿ, ಆದರೆ ನನ್ನ ಕೆಲಸ ಅಲ್ಲ ಅಂತ ಒಂದು ದಿನವೂ ಅಂದವನಲ್ಲ.

ಹಾಗಾಗಿ ನಮ್ಮ ಮೊದಲ ಬೇಡಿಕೆ, ದೂರು ತೆಗೆದುಕೊಳ್ಳೋದು ಪಾಲಿಕೆಯೇ ಇರಲಿ. ಪೈಪು ಹಳೇದೋ ಹೊಸದೋ ಅದು ನೀವು ಮತ್ತು ಕಂಪನಿ ಕೂತು ಬಗೆಹರಿಸಿಕೊಳ್ಳಿ. ನಮ್ಮ ಕೈಗೆ ದೂರಿನ ನಂಬರು ಕೊಡಿ, ಇಷ್ಟು ದಿನದಲ್ಲಿ ಸರಿಯಾಗದಿದ್ದರೆ ಕಂಪನಿಯ ಬಿಲ್ಲಿನಲ್ಲಿ ದಂಡ ಹಿಡಿಯಿರಿ.

ಎರಡನೆಯದು ಮೀಟರ್. ಕೆಲವು ದಿನಕ್ಕೊಮ್ಮೆ ನೀರು ಬಿಟ್ಟಾಗ ಮೊದಲು ಪೈಪಿನಲ್ಲಿದ್ದ ಗಾಳಿ ಬರುತ್ತದೆ, ಗಾಳಿಗೂ ಮೀಟರಿನ ಮುಳ್ಳು ತಿರುಗುತ್ತದೆ. ಗಾಳಿಗೂ ನಾವು ದುಡ್ಡು ಕೊಡಬೇಕಾ? ಒಂದು ಓಣಿಗೆ 24 ತಾಸು ನೀರು ನಿಜವಾಗಿ ಬರುವ ತನಕ ಆ ಓಣಿಗೆ ಮೀಟರ್ ಬಿಲ್ಲು ಬೇಡ. ಓಣಿ ತುದಿಯ ಸಾರ್ವಜನಿಕ ನಳಗಳನ್ನೂ ಕೀಳಬೇಡಿ, ಬಾಡಿಗೆ ಖೋಲಿಯಲ್ಲಿ ಇರುವವರಿಗೆ ಅದೇ ಗತಿ.

ದರದ ಮಾತು ಇನ್ನೂ ದೊಡ್ಡದು. ನೇಕಾರರಾದ ನಮಗೆ ಕರೆಂಟಿನ ಲೆಕ್ಕ ಚೆನ್ನಾಗಿ ಗೊತ್ತು. ಹೆಸ್ಕಾಂ ಸರ್ಕಾರದ್ದೇ ಕಂಪನಿ, ಆದರೂ ದರ ಏರಿಸಬೇಕಾದರೆ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಬೇಕು. ಅಲ್ಲಿ ಯಾವ ಗ್ರಾಹಕನೂ ಆಕ್ಷೇಪ ಕೊಡಬಹುದು, ವಿಚಾರಣೆಯಲ್ಲಿ ಎದ್ದು ಮಾತಾಡಬಹುದು. ನೀರಿಗೆ ಅಂಥ ಜಾಗವೇ ಇಲ್ಲ. ಕಂಪನಿಗಳು ಒಂದಲ್ಲ ನಾಲ್ಕಿದ್ದರೆ ಮೊಬೈಲ್ ಸಿಮ್ ಬದಲಿಸಿದ ಹಾಗೆ ಬದಲಿಸಬಹುದಿತ್ತು. ನೀರಿನ ಪೈಪು ಮನೆಗೆ ಒಂದೇ. ಸ್ಪರ್ಧೆ ಇಲ್ಲದ ಕಡೆ ಖಾಸಗಿಯವರೂ ಸರ್ಕಾರಿ ನೌಕರರಷ್ಟೇ ಸೋಮಾರಿಗಳಾಗಬಹುದು. ಆದ್ದರಿಂದ ದರ ಏರಿಸುವ ಮುಂಚೆ ವಾರ್ಡಿನಲ್ಲಿ ಸಭೆ ಕರೆಯಿರಿ, ಲೆಕ್ಕ ತೋರಿಸಿ, ಆಮೇಲೆ ಕೌನ್ಸಿಲ್ ಸಭೆಗೆ ತನ್ನಿ.

ಒಪ್ಪಂದದ ಪ್ರತಿ ಪಾಲಿಕೆಯ ವೆಬ್‌ಸೈಟಿನಲ್ಲಿ ಹಾಕಿ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ, ಕಾನೂನಿನಂತೆ ಪಾಲಿಕೆ ಕಂಪನಿಯಿಂದ ತರಿಸಿಕೊಳ್ಳಬಹುದಾದ ಮಾಹಿತಿಯೂ ಜನರ ಮಾಹಿತಿಯೇ. ಕಂಪನಿಯದು, ಕೊಡೋಕಾಗಲ್ಲ ಅನ್ನುವ ಉತ್ತರ ದಯವಿಟ್ಟು ಬೇಡ.

ಕೊನೆಯದು ತುಂಬಾ ಮುಖ್ಯ. ನಮಗೆ 24 ತಾಸು ನೀರು ತೋರಿಸಿದ ವೆಯೋಲಿಯಾ ಪ್ಯಾರಿಸ್ ನಗರದಲ್ಲೂ ನೀರಿನ ಗುತ್ತಿಗೆ ಹಿಡಿದಿತ್ತು. ಗುತ್ತಿಗೆ ಮುಗಿದಾಗ, 2010ರಲ್ಲಿ, ಆ ನಗರ ಕೆಲಸವನ್ನು ವಾಪಸ್ ತಗೊಂಡು ತಾನೇ ನಡೆಸತೊಡಗಿತು. ನಾವೂ ಹಾಗೇ ಮಾಡಬೇಕು ಅಂತಲ್ಲ. ಬೇಕಾದಾಗ ಮಾಡುವ ತಾಕತ್ತು ನಮ್ಮಲ್ಲಿ ಉಳಿದಿರಬೇಕು ಅಷ್ಟೇ. ಪೈಪು ಎಲ್ಲಿ ಹೋಗಿದೆ ಅನ್ನುವ ನಕ್ಷೆ, ಗ್ರಾಹಕರ ಲೆಕ್ಕ ಎಲ್ಲ ಪಾಲಿಕೆಯ ಸ್ವತ್ತು ಅಂತ ಬರೆಸಿಕೊಳ್ಳಿ. ಯಾವ ವಾಲ್ವ್ ತಿರುವಿದರೆ ಯಾವ ಗಲ್ಲಿಗೆ ನೀರು ಅಂತ ಕಣ್ಣುಮುಚ್ಚಿ ಹೇಳುವ ಹಳೇ ಕೆಲಸಗಾರರನ್ನು ಮನೆಗೆ ಕಳಿಸಬೇಡಿ. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರಿಗೆ ನೀರು ಬೇಕೆಂದು ತಿಲಕವಾಡಿಯಲ್ಲಿ ತೋಡಿದ ಬಾವಿ ಇವತ್ತಿಗೂ ಇದೆ. ಊರಿನ ಇಂಥ ಹಳೇ ಬಾವಿಗಳನ್ನೂ ಯಾವ ಗುತ್ತಿಗೆಗೂ ಸೇರಿಸದೆ ಹೂಳೆತ್ತಿಸಿ ಇಡಿ.

ಇದರ ಬಗ್ಗೆ ನಮ್ಮ ಓಣಿಗೇ ಬಂದು ಒಂದು ಸಭೆ ಮಾಡಬೇಕು ಅಂತ ವಿನಂತಿ. ಸಂಜೆ 7ರ ಮೇಲೆ ಇಟ್ಟುಕೊಳ್ಳಿ, ಹಗಲು ಮಗ್ಗ ಬಿಟ್ಟು ಬರೋದು ಕಷ್ಟ. ಬರುವಾಗ ಒಪ್ಪಂದದ ಕನ್ನಡ ಪ್ರತಿ ತನ್ನಿ. ಮರಾಠಿ ಓದುವವರೂ ಇದ್ದಾರೆ, ಅವರಿಗೂ ಒಂದು ಇರಲಿ. ಕಂಪನಿಯವರನ್ನೂ ಕರ್ಕೊಂಡು ಬನ್ನಿ, ಕುರ್ಚಿ ನಾವು ಹಾಕಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಡಗಾವಿಯ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)